ಬಾಗಿಲು ದಪ್ಪ, ಕೀಲಿ ತೆಳು: ಮನೆಯ ಬಂದೂಕು ತಿಜೋರಿಯ ಒಳಗುಟ್ಟು

ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ 2025ರ ಮೇ ತಿಂಗಳಲ್ಲಿ 58 ಕೆ.ಜಿ.ಗೂ ಹೆಚ್ಚು ಚಿನ್ನ ಹೋಯಿತು. ಪೊಲೀಸರು ಹೇಳಿದಂತೆ ಕಳ್ಳರ ಕೈಯಲ್ಲಿ ನಕಲಿ ಚಾವಿ ಇತ್ತು. ಬಂಧಿತರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು. ನಾಲ್ಕು ತಿಂಗಳ ನಂತರ ಚಡಚಣದ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದವರಿಗೆ ಚಾವಿಯೂ ಬೇಕಾಗಲಿಲ್ಲ, ಪಿಸ್ತೂಲು ತೋರಿಸಿ ಸಿಬ್ಬಂದಿಯನ್ನು ಕಟ್ಟಿಹಾಕಿದರು. ಎರಡೂ ಕಡೆ ಉಕ್ಕಿನ ಬಾಗಿಲು ಸೋಲಲಿಲ್ಲ. ಬಾಗಿಲನ್ನು ತೆಗೆಯುವ ವ್ಯವಸ್ಥೆ ಸೋತಿತು. ಬ್ಯಾಂಕಿನ ಸ್ಟ್ರಾಂಗ್ ರೂಮಿನ ಪಾಡೇ ಹೀಗಿದ್ದರೆ, ಆನ್‌ಲೈನಿನಲ್ಲಿ ತರಿಸಿ ಕಪಾಟಿನೊಳಗೆ ಇಟ್ಟ ಎಂಟು ಕೆ.ಜಿ. ಪೆಟ್ಟಿಗೆಯ ಮೇಲೆ ಎಷ್ಟು ಭರವಸೆ ಇಡಬಹುದು?

ಈ ಪ್ರಶ್ನೆ ಚಿನ್ನಕ್ಕಿಂತ ಬಂದೂಕಿಗೆ ಹೆಚ್ಚು ಅನ್ವಯಿಸುತ್ತದೆ. ಖಾನಾಪುರದ ಕಾಡಂಚಿನಲ್ಲಿ ಬೆಳೆ ಕಾಯಲೆಂದು ಲೈಸನ್ಸ್ ಪಡೆದವರಿದ್ದಾರೆ. ತೋಟದ ಮನೆಯಲ್ಲಿ ಒಂಟಿಯಾಗಿ ಇರುವ ದ್ರಾಕ್ಷಿ ಬೆಳೆಗಾರರಿದ್ದಾರೆ. ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನ ಕಾವಲಿಗೆ ಸೇರಲು 12 ಬೋರಿನ ಜೋಡುನಳಿಗೆ ಬಂದೂಕು ಕೊಂಡವರಂತೂ ಬೆಳಗಾವಿ ಸೀಮೆಯಲ್ಲಿ ಬೇಕಾದಷ್ಟು. ಚಿನ್ನ ಹೋದರೆ ನಷ್ಟ ಒಂದು ಮನೆಯದು. ಬಂದೂಕು ಹೋದರೆ ಅದು ಮುಂದೆ ಯಾರ ಎದೆಗೆ ಗುರಿಯಾಗುತ್ತದೋ ಹೇಳಲಾಗದು, ಮತ್ತು ಠಾಣೆಯಲ್ಲಿ ಮೊದಲು ಉತ್ತರ ಹೇಳಬೇಕಾದವನು ಲೈಸನ್ಸುದಾರ. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕನ್ನು ಸುರಕ್ಷಿತವಾಗಿ ಇಡುವ ಹೊಣೆಯನ್ನು ಅವನ ತಲೆಗೇ ಕಟ್ಟಿವೆ.

ಮಗುವನ್ನು ತಡೆಯುವುದು ಬೇರೆ, ಕಳ್ಳನನ್ನು ತಡೆಯುವುದು ಬೇರೆ

ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೆಸರು, 'ಸೇಫ್'. ಗೊಂದಲ ಶುರುವಾಗುವುದೇ ಇಲ್ಲಿಂದ. ಮಗುವಿಗೆ ಸಲಕರಣೆ ಇರುವುದಿಲ್ಲ, ಆದರೆ ವರ್ಷಗಟ್ಟಲೆ ಸಮಯವಿದೆ, ಕುತೂಹಲವಿದೆ, ಚಾವಿ ಎಲ್ಲಿಡುತ್ತಾರೆ ಎಂಬ ಮಾಹಿತಿಯಿದೆ. ಕಳ್ಳನ ಬಳಿ ಹಾರೆ ಇದೆ, ಬ್ಯಾಟರಿ ಗ್ರೈಂಡರ್ ಇದೆ, ಸಮಯ ಮಾತ್ರ ಇಲ್ಲ. ಮೊದಲನೆಯದಕ್ಕೆ ಮೋಸ ಹೋಗದ ಕೀಲಿ ಬೇಕು, ಎರಡನೆಯದಕ್ಕೆ ದಪ್ಪ ಉಕ್ಕು ಮತ್ತು ಗಟ್ಟಿ ತಳಪಾಯ. ಅಗ್ಗದ ಡಿಜಿಟಲ್ ಪೆಟ್ಟಿಗೆ ಕಳ್ಳನ ಎದುರು ಸೋಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಗುವಿನ ಎದುರೂ ಸೋಲುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

2012ರಲ್ಲಿ ಅಮೆರಿಕದ ಕೀಲಿ ತಜ್ಞ ಮಾರ್ಕ್ ವೆಬರ್ ಟೋಬಿಯಾಸ್ ಮತ್ತು ಸಂಗಡಿಗರು ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಪೇಟೆಯ ಹಲವು ಬಂದೂಕು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು, ಮಕ್ಕಳ ಕೈಯಿಂದಲೂ ತೆಗೆಯಬಹುದಾದ ಸರಳ ಉಪಾಯಗಳನ್ನು ತೋರಿಸಿದರು. ಅಂಥ ಪೆಟ್ಟಿಗೆ ಯಾಕೆ ತೆರೆಯುತ್ತದೆ ಎಂದು ತಿಳಿಯಲು ಕೀಪ್ಯಾಡಿನ ಹಿಂದೆ ಏನಿದೆ ಎಂದು ನೋಡಬೇಕು. ಅಲ್ಲಿರುವುದು ಒಂದು ಪುಟ್ಟ ಸೊಲೆನಾಯ್ಡ್: ತಾಮ್ರದ ತಂತಿಯ ಸುರುಳಿ, ನಡುವೆ ಪೆನ್ಸಿಲ್ ದಪ್ಪದ ಕಬ್ಬಿಣದ ಕಡ್ಡಿ, ಹಿಂದೆ ಒಂದು ಸ್ಪ್ರಿಂಗ್. ಕಡ್ಡಿ ಹೊರಚಾಚಿ ಬೋಲ್ಟಿಗೆ ಅಡ್ಡ ನಿಂತಿರುತ್ತದೆ. ಕೋಡ್ ಸರಿಯಾದರೆ ಕರೆಂಟು ಹರಿದು ಕಡ್ಡಿ ಒಳಗೆ ಸರಿಯುತ್ತದೆ, ಹಿಡಿ ತಿರುಗುತ್ತದೆ. ನಾಲ್ಕು ಸಣ್ಣ ಸೆಲ್ಲುಗಳ 6 ವೋಲ್ಟಿನಿಂದ ಆ ಕಡ್ಡಿಯನ್ನು ಎಳೆಯಬೇಕಾದ್ದರಿಂದ ಸ್ಪ್ರಿಂಗನ್ನು ಮೆತ್ತಗೆ ಇಡಲೇಬೇಕು. ಮೆತ್ತನೆ ಸ್ಪ್ರಿಂಗ್ ಎಂದರೆ, ಪೆಟ್ಟಿಗೆಗೆ ಒಂದು ಧಕ್ಕೆ ಬಿದ್ದರೆ ಕಡ್ಡಿ ಕ್ಷಣಕಾಲ ತಾನಾಗಿಯೇ ಹಿಂದೆ ಜಿಗಿಯುತ್ತದೆ. ಆ ಕ್ಷಣಕ್ಕೆ ಹಿಡಿ ತಿರುಗಿದರೆ ಮುಗಿಯಿತು. ಕೋಡ್ ಆರು ಅಂಕಿಯದೋ ಹನ್ನೆರಡು ಅಂಕಿಯದೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಿ. ಬಾಗಿಲು ಹಾಕಿ, ಒಂದು ಕೈಯಲ್ಲಿ ಹಿಡಿಯನ್ನು ತೆರೆಯುವ ಕಡೆ ಒತ್ತಿಹಿಡಿದು, ಇನ್ನೊಂದು ಕೈಯ ಮುಷ್ಟಿಯಿಂದ ಮೇಲ್ಭಾಗಕ್ಕೂ ಪಕ್ಕಗಳಿಗೂ ಹತ್ತಿಪ್ಪತ್ತು ಸಲ ಗುದ್ದಿ. ಅಂಗಡಿಯವರು ಬೇಡ ಎಂದರೆ ಆ ಪೆಟ್ಟಿಗೆಯೂ ಬೇಡ. ಮೋಟಾರಿನಿಂದ ಸರಿಯುವ ಕೀಲಿಗೆ ಈ ದೋಷ ಇಲ್ಲ: ಅಲ್ಲಿ ತಿರುಪು ಅಥವಾ ಗೇರು ಬೋಲ್ಟನ್ನು ಹಿಡಿದಿರುತ್ತದೆ, ಧಕ್ಕೆಗೆ ಜಿಗಿಯುವುದಿಲ್ಲ. ಕೋಡ್ ಒತ್ತಿದಾಗ 'ಟಕ್' ಎಂಬ ಒಂದೇ ಸದ್ದು ಬಂದರೆ ಸಾಮಾನ್ಯವಾಗಿ ಸೊಲೆನಾಯ್ಡ್, 'ಝುಯ್' ಎಂದು ಅರ್ಧ ಸೆಕೆಂಡು ಎಳೆದರೆ ಮೋಟಾರು.

ಬೆರಳಚ್ಚಿನ ಪೆಟ್ಟಿಗೆಯ ಕಥೆ ಇನ್ನೂ ಕೆಟ್ಟದು. 2023ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಫೋರ್ಟ್ರೆಸ್ ಕಂಪನಿಯ ಸುಮಾರು 61,000 ಬೆರಳಚ್ಚು ತಿಜೋರಿಗಳನ್ನು ಹಿಂದಕ್ಕೆ ಕರೆಸಿತು. ನೋಂದಾಯಿಸದ ಬೆರಳಿಗೂ ಅವು ತೆರೆಯುತ್ತಿದ್ದವು. 12 ವರ್ಷದ ಹುಡುಗನೊಬ್ಬನ ಸಾವೂ ಆ ಪ್ರಕಟಣೆಯಲ್ಲಿ ದಾಖಲಾಗಿತ್ತು. 2024ರ ಫೆಬ್ರವರಿಯಲ್ಲಿ ಇನ್ನೂ ನಾಲ್ಕು ಬ್ರ್ಯಾಂಡುಗಳ ಸುಮಾರು 1,20,000 ಪೆಟ್ಟಿಗೆಗಳು ಇದೇ ದೋಷಕ್ಕೆ ವಾಪಸಾದವು. ಮರ್ಮ ಇಷ್ಟೇ: ಕಾರ್ಖಾನೆಯಿಂದ ಬರುವಾಗ ಪೆಟ್ಟಿಗೆ 'ಯಾವ ಬೆರಳಾದರೂ ಸರಿ' ಎಂಬ ಸ್ಥಿತಿಯಲ್ಲಿರುತ್ತದೆ. ಮಾಲೀಕ ತನ್ನ ಬೆರಳಿಟ್ಟು ನೋಡುತ್ತಾನೆ, ಬಾಗಿಲು ತೆರೆಯುತ್ತದೆ, ನೋಂದಣಿ ಆಯಿತು ಎಂದು ತಿಳಿಯುತ್ತಾನೆ. ಆಗಿರುವುದಿಲ್ಲ. ಹಾಗಾಗಿ ಬೆರಳಚ್ಚಿನ ಪೆಟ್ಟಿಗೆಯನ್ನು ನಿಮ್ಮ ಬೆರಳಿನಿಂದ ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಮನೆಯ ಉಳಿದ ಎಲ್ಲರ ಬೆರಳೂ ಇಟ್ಟು, ಒಂದಕ್ಕೂ ತೆರೆಯುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಸೆಲ್ಲು ಬದಲಿಸಿದ ಮೇಲೆ ಮತ್ತೊಮ್ಮೆ ಅದೇ ಪರೀಕ್ಷೆ. ಇನ್ನು ಸುಣ್ಣ, ಸಿಮೆಂಟು, ಗೊಬ್ಬರದಲ್ಲಿ ಕೆಲಸ ಮಾಡಿ ಬೆರಳ ಗೆರೆ ಸವೆದವರಿಗೆ ಈ ಯಂತ್ರ ತನ್ನ ಮಾಲೀಕನನ್ನೇ ಗುರುತಿಸುವುದಿಲ್ಲ, ಆಮೇಲೆ ಬೇಸತ್ತು ಬಾಗಿಲನ್ನು ಹಾಗೆಯೇ ಬಿಡುತ್ತಾರೆ. ನಮ್ಮ ಕಡೆಯ ರೈತರಿಗೆ ಇದನ್ನು ಮಾರುವುದೇ ತಪ್ಪು.

ಗುಪ್ತ ಚಾವಿ

ಡಿಜಿಟಲ್ ಪೆಟ್ಟಿಗೆಯ ಮುಖದ ಮೇಲೆ ಎಲ್ಲೋ ಒಂದು ಪ್ಲಾಸ್ಟಿಕ್ ಮುಚ್ಚಳ ಅಥವಾ ಕಂಪನಿಯ ಬಿಲ್ಲೆ ಇರುತ್ತದೆ. ಅದನ್ನು ಕಿತ್ತರೆ ಒಳಗೆ ಚಾವಿಯ ಕಂಡಿ. ಸೆಲ್ಲು ಸತ್ತರೆ ತೆಗೆಯಲೆಂದು ಇಟ್ಟದ್ದು. ಹೊರಗಿನ ಕೀಪ್ಯಾಡ್ ಎಷ್ಟೇ ಜಾಣವಾಗಿರಲಿ, ಪೆಟ್ಟಿಗೆಯ ನಿಜವಾದ ಬಲ ಈ ಕಂಡಿಯ ಬಲದಷ್ಟೇ. ಬಹಳಷ್ಟರಲ್ಲಿ ಅದು ಆಫೀಸಿನ ಮೇಜಿನ ಡ್ರಾಯರಿಗೆ ಹಾಕುವ ದರ್ಜೆಯ ಕೀಲಿ, ಒಂದೇ ಚಾವಿ ಹಲವು ಪೆಟ್ಟಿಗೆಗಳಿಗೆ ಹೊಂದುವುದೂ ಉಂಟು. ಬೆಳಗಾವಿಯ ಗಣಪತ್ ಗಲ್ಲಿಯ ಸುತ್ತ ಚಾವಿ ಮಾಡಿಕೊಡುವವರಿಗೆ ಇಂಥ ಕೀಲಿ ಕಷ್ಟದ ಕೆಲಸವೇ ಅಲ್ಲ.

ಚಾವಿಯ ಇನ್ನೊಂದು ದುರಂತ ನಗು ತರಿಸುವಂಥದ್ದು: ತುರ್ತು ಚಾವಿಯನ್ನು ಪೆಟ್ಟಿಗೆಯ ಒಳಗೇ ಇಟ್ಟು ಬಾಗಿಲು ಹಾಕುವುದು. ಸೆಲ್ಲು ಸತ್ತ ದಿನ ಗೊತ್ತಾಗುತ್ತದೆ. ಅದಕ್ಕಿಂತ ಸಾಮಾನ್ಯವಾದದ್ದು ದೇವರ ಜಗಲಿಯ ಹಿಂದೆ, ಅಕ್ಕಿ ಡಬ್ಬಿಯಲ್ಲಿ, ಅಥವಾ ಅದೇ ಕಪಾಟಿನ ಸೀರೆಗಳ ನಡುವೆ ಇಡುವುದು. ಕಳ್ಳನ ಮನೆಯಲ್ಲೂ ದೇವರ ಜಗಲಿ ಇರುತ್ತದೆ, ಅವನೂ ಮೊದಲು ಅಲ್ಲೇ ಕೈ ಹಾಕುತ್ತಾನೆ. ಎರಡು ಚಾವಿಗಳಲ್ಲಿ ಒಂದು ಮೈಮೇಲೆ ಇರಲಿ, ಇನ್ನೊಂದು ಬ್ಯಾಂಕ್ ಲಾಕರಿನಲ್ಲಿ.

ದುಬಾರಿ ತಿಜೋರಿಗೂ ಗುಪ್ತ ಬಾಗಿಲು ಇದ್ದೀತು. 2023ರಲ್ಲಿ ಅಮೆರಿಕದ ಲಿಬರ್ಟಿ ಸೇಫ್ ಕಂಪನಿ ನ್ಯಾಯಾಲಯದ ವಾರಂಟ್ ನೋಡಿ ಗ್ರಾಹಕನೊಬ್ಬನ ತಿಜೋರಿಯ ಕಾರ್ಖಾನೆ ಕೋಡನ್ನು ಎಫ್‌ಬಿಐಗೆ ಕೊಟ್ಟಿತು. ಕೊಟ್ಟದ್ದು ಸರಿಯೋ ತಪ್ಪೋ ಎಂಬ ಜಗಳದ ನಡುವೆ ಗ್ರಾಹಕರಿಗೆ ಹೊಸದಾಗಿ ತಿಳಿದದ್ದು, ತಮ್ಮ ತಿಜೋರಿಗೆ ತಾವು ಇಟ್ಟ ಕೋಡಿನ ಜೊತೆ ಇನ್ನೊಂದು ಕೋಡೂ ಇದೆ, ಅದು ಕಂಪನಿಯ ದಾಖಲೆಯಲ್ಲಿ ಕೂತಿದೆ ಎಂಬುದು. ಆಮೇಲೆ ಕಂಪನಿ, ಬೇಕಾದವರ ಕೋಡನ್ನು ದಾಖಲೆಯಿಂದ ಅಳಿಸಲು ಒಪ್ಪಿತು. 2025ರ ಆಗಸ್ಟಿನ ಡೆಫ್‌ಕಾನಿನಲ್ಲಿ ಮಾರ್ಕ್ ಓಮೊ ಮತ್ತು ಜೇಮ್ಸ್ ರೌಲಿ, ಹಲವು ತಿಜೋರಿ ಕಂಪನಿಗಳು ಬಳಸುವ ಸೆಕ್ಯುರಾಮ್ ಪ್ರೊಲಾಜಿಕ್ ಕೀಲಿಗಳಲ್ಲಿ ಇಂಥದೇ ಎರಡು ದೋಷ ತೋರಿಸಿದರು. ಇಲ್ಲಿಯ ಕೊಳ್ಳುಗರು ಅದರಿಂದ ತಿಳಿಯಬೇಕಾದದ್ದು: ತಿಜೋರಿಯ ಬ್ರ್ಯಾಂಡು ಒಂದು, ಅದರೊಳಗಿನ ಕೀಲಿಯ ಬ್ರ್ಯಾಂಡು ಇನ್ನೊಂದು. ಕೇಳಬೇಕಾದದ್ದು ಎರಡನೆಯದನ್ನು. ಕೈಪಿಡಿಯಲ್ಲಿ 'ಮಾಸ್ಟರ್ ಕೋಡ್', 'ಮ್ಯಾನೇಜರ್ ಕೋಡ್' ಎಂಬ ಪುಟ ಇದ್ದರೆ, ತಂದ ದಿನವೇ ಅದನ್ನೂ ಬದಲಿಸಿ. ಬಳಕೆಯ ಕೋಡನ್ನು ಮಾತ್ರ ಬದಲಿಸಿ ಕಾರ್ಖಾನೆಯ ಮಾಸ್ಟರನ್ನು ಹಾಗೇ ಬಿಟ್ಟರೆ, ಕೈಪಿಡಿ ಓದಿದ ಯಾರಿಗಾದರೂ ಬಾಗಿಲು ತೆರೆದಿದೆ.

ಕೋಡೇ ಬೇಡ, ಚಾವಿಯಿಂದ ಒಳಗಿನ ಪಟ್ಟಿಗಳನ್ನು (ಲಿವರ್) ಎತ್ತಿ ತೆರೆಯುವ ಹಳೆಯ ಲಿವರ್ ಕೀಲಿಯೇ ಸಾಕು ಎನ್ನುವವರ ಮಾತಿನಲ್ಲಿ ಹುರುಳಿದೆ. ಎಂಟೋ ಹತ್ತೋ ಲಿವರಿನ ಒಳ್ಳೆಯ ಕೀಲಿಗೆ ಸೆಲ್ಲು ಬೇಕಿಲ್ಲ, ಧಕ್ಕೆಯ ಭಯವಿಲ್ಲ. ಆದರೆ ಚಾವಿಯನ್ನು ಒಂದು ಗಂಟೆ ಯಾರ ಕೈಗಾದರೂ ಕೊಟ್ಟರೆ ನಕಲು ಹುಟ್ಟಬಹುದು. ಮನಗೂಳಿಯ ಪಾಠ ಅದೇ.

ತೂಕ ಹೇಳುವ ಸತ್ಯ

ಜಾಹೀರಾತಿನಲ್ಲಿ ಬಾಗಿಲಿನ ದಪ್ಪ ಇರುತ್ತದೆ, ಗೋಡೆಯ ದಪ್ಪ ಇರುವುದಿಲ್ಲ. ಅದನ್ನು ನೀವೇ ಲೆಕ್ಕ ಹಾಕಬಹುದು. ಒಂದು ಚದರ ಮೀಟರ್ ಉಕ್ಕಿನ ಹಾಳೆ, ಒಂದು ಮಿ.ಮೀ. ದಪ್ಪವಿದ್ದರೆ, 7.85 ಕೆ.ಜಿ. ತೂಗುತ್ತದೆ. 35×25×25 ಸೆಂ.ಮೀ. ಪೆಟ್ಟಿಗೆಯ ಆರು ಮುಖಗಳ ಒಟ್ಟು ವಿಸ್ತೀರ್ಣ 0.475 ಚದರ ಮೀಟರ್. ಎಲ್ಲ ಕಡೆ 2 ಮಿ.ಮೀ. ಇದ್ದರೆ ತೂಕ ಏಳೂವರೆ ಕೆ.ಜಿ. ಆಗಬೇಕು, ಬಾಗಿಲು 4 ಮಿ.ಮೀ. ಎಂದು ಬರೆದಿದ್ದರೆ ಒಂಬತ್ತರ ಹತ್ತಿರ. ಅದೇ 4 ಮಿ.ಮೀ. ಬಾಗಿಲಿನ, ಅಷ್ಟೇ ಗಾತ್ರದ ಪೆಟ್ಟಿಗೆಯ ತೂಕ ಆರು ಕೆ.ಜಿ. ಎಂದು ಕಂಡರೆ, ಗೋಡೆ ಒಂದು ಮಿ.ಮೀ. ಆಸುಪಾಸು, ಅಂದರೆ ಮನೆಯ ಬಟ್ಟೆ ಕಪಾಟಿನ ತಗಡು.

ಹಾಳೆಯ ಬಾಗು ನಿರೋಧ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಒಂದು ಮಿ.ಮೀ. ಹಾಳೆಗಿಂತ ಮೂರು ಮಿ.ಮೀ. ಹಾಳೆ ಬಾಗಲು 27 ಪಟ್ಟು ಬಿರುಸು. ಹಾರೆಯ ಎದುರು ಇದೇ ಮುಖ್ಯ. ಬೋಲ್ಟುಗಳು ಹೆಬ್ಬೆರಳ ದಪ್ಪ ಇದ್ದರೂ, ಅವು ಕೂರುವ ಚೌಕಟ್ಟು ತೆಳುವಾಗಿದ್ದರೆ ಚೌಕಟ್ಟೇ ಮಡಚಿ ಬೋಲ್ಟು ಹೊರಬರುತ್ತದೆ. 'ಎಂಟು ಬೋಲ್ಟಿನ ಬಾಗಿಲು' ಎಂದು ಹಿಡಿ ತಿರುಗಿಸಿ ತೋರಿಸುವ ಮಾರಾಟಗಾರ ನಿಮ್ಮ ಕಣ್ಣನ್ನು ಚೌಕಟ್ಟಿನಿಂದ ಬೇರೆಡೆ ಸೆಳೆಯುತ್ತಿದ್ದಾನೆ.

ಮಾನದಂಡಗಳು ಹೇಳುವುದನ್ನೂ ಬಿಡಿಸಿ ಓದಬೇಕು. ಅಮೆರಿಕದ ಯುಎಲ್ ಎಂಬ ಪರೀಕ್ಷಾ ಸಂಸ್ಥೆಯ 1037ನೇ ಮಾನದಂಡದ ಮೊದಲ ದರ್ಜೆ ಎಂದರೆ, ಒಬ್ಬ ಪರೀಕ್ಷಕ ಸುತ್ತಿಗೆ, ಸ್ಕ್ರೂಡ್ರೈವರ್, ಸಣ್ಣ ಹಾರೆಗಳಿಂದ ಐದು ನಿಮಿಷ ಪ್ರಯತ್ನಿಸಿದರೂ ತೆರೆಯಬಾರದು. ಐದೇ ನಿಮಿಷ! ಅಮೆರಿಕದಲ್ಲಿ ದೊಡ್ಡ 'ಗನ್ ಸೇಫ್' ಎಂದು ಮಾರುವುದರಲ್ಲಿ ಹೆಚ್ಚಿನವು ಈ ದರ್ಜೆಯವು. ಆಭರಣದ ಅಂಗಡಿಗೆ ಬೇಕಾದ ಟಿಎಲ್-15, ಟಿಎಲ್-30 ದರ್ಜೆಗಳು ಬೇರೆ ಮಾನದಂಡಕ್ಕೆ, ಯುಎಲ್ 687ಕ್ಕೆ ಸೇರಿದವು. ಅಲ್ಲಿ ವಿದ್ಯುತ್ ಸಲಕರಣೆಗಳ ಎದುರು 15 ಮತ್ತು 30 ನಿಮಿಷ. ಕ್ಯಾಲಿಫೋರ್ನಿಯ ಸರಕಾರ ಬಂದೂಕು ತಿಜೋರಿಗೆ ಕನಿಷ್ಠ ಮೂರು ಬೋಲ್ಟು, ಪ್ರತಿಯೊಂದು ಅರ್ಧ ಇಂಚು, ಒಂಟಿ ಗೋಡೆಯಾದರೆ 12 ಗೇಜ್ ಉಕ್ಕು ಎಂದು ಕೇಳುತ್ತದೆ, ಅಂದರೆ 2.6 ಮಿ.ಮೀ.ಗೂ ತುಸು ಹೆಚ್ಚು. ನಮ್ಮಲ್ಲಿ ತಿಜೋರಿಗಳಿಗೆ ಭಾರತೀಯ ಮಾನಕ ಐಎಸ್ 550 ಇದೆ. ಅಂಗಡಿಯಲ್ಲಿ ಆ ಸಂಖ್ಯೆಯನ್ನೂ ಐಎಸ್‌ಐ ಗುರುತನ್ನೂ ಕೇಳಿ. 'ಮಿಲಿಟರಿ ದರ್ಜೆ', 'ಬ್ಯಾಂಕ್ ದರ್ಜೆ' ಎಂಬ ಉತ್ತರ ಬಂದರೆ ಅದು ದರ್ಜೆಯಲ್ಲ, ಮಾತು.

ಉದ್ಯಮಬಾಗದಲ್ಲಿ ಹೇಳಿ ಮಾಡಿಸಿದರೆ

ಜೋಡುನಳಿಗೆ ಬಂದೂಕಿನ ಉದ್ದ ಸುಮಾರು ನಾಲ್ಕು ಅಡಿ. ಕಪಾಟಿನ ಒಳಲಾಕರಿಗೆ ಅದು ಹಿಡಿಸುವುದಿಲ್ಲ, ಆದ್ದರಿಂದ ಬಟ್ಟೆಗಳ ಹಿಂದೆ ನಿಲ್ಲಿಸುತ್ತಾರೆ. ಆದರೆ ಅದು ಸಲೀಸಾಗಿ ಮೂರು ಭಾಗವಾಗುತ್ತದೆ: ನಳಿಗೆ, ಮುಂಗೈ ಹಿಡಿಯುವ ಮರ, ಹಿಂಬದಿಯ ಹಿಡಿ. 30 ಇಂಚಿನ ನಳಿಗೆಗೆ 32 ಇಂಚಿನ ಪೆಟ್ಟಿಗೆ ಸಾಕು. ಬಿಚ್ಚಿದ ಬಂದೂಕು ಮಗುವಿನ ಕೈಗೆ ಸಿಕ್ಕರೂ ಸಿಡಿಯುವುದಿಲ್ಲ. ತೋಟಾಗಳನ್ನು ಬೇರೆ ಕೀಲಿಯ ಡಬ್ಬಿಯಲ್ಲಿ ಇಟ್ಟರೆ ಎರಡು ತಡೆ ಆದವು. ಭಾಗಗಳನ್ನು ಬೇರೆ ಬೇರೆ ಕೋಣೆಯಲ್ಲಿ ಇಡಬಹುದು, ನಳಿಗೆಯನ್ನು ಬೀಗರ ಮನೆಯಲ್ಲಿ ಇಡುವಂತಿಲ್ಲ: ಶಸ್ತ್ರಾಸ್ತ್ರ ಕಾಯ್ದೆ ಬಿಡಿಭಾಗವನ್ನೂ ಶಸ್ತ್ರವೆಂದೇ ಎಣಿಸುತ್ತದೆ.

ನಿಲ್ಲಿಸಿಯೇ ಇಡಬೇಕೆಂದರೆ ಬೆಳಗಾವಿಯ ಉದ್ಯಮಬಾಗದಂಥ ಕಡೆ ಒಳ್ಳೆಯ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಮಾಡಿಸುವುದು ಲೇಸು. 1350 ಮಿ.ಮೀ. ಎತ್ತರ, 400 ಅಗಲ, 350 ಆಳ. ಮೈ 3 ಮಿ.ಮೀ., ಬಾಗಿಲು 6 ಮಿ.ಮೀ. ಹಾಳೆಯ ತೂಕವೇ ಸುಮಾರು 67 ಕೆ.ಜಿ. ಆಗುತ್ತದೆ. ಬೆಸುಗೆ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಬೇಡ, ಮೂಲೆಯುದ್ದಕ್ಕೂ ಒಂದೇ ಸಮ ಇರಲಿ. ಬಾಗಿಲು ಚೌಕಟ್ಟಿನ ಮೇಲೆ ಕೂರದೆ ಒಳಗೆ ಇಳಿದು ಕೂರಬೇಕು, ಸುತ್ತ ಬಿಡುವು 2 ಮಿ.ಮೀ. ಮೀರಬಾರದು: ಹಾರೆಯ ತುದಿಗೆ ಸಂದು ಸಿಗದಿದ್ದರೆ ಅರ್ಧ ಕೆಲಸ ಮುಗಿಯಿತು. ಕೀಲಿ ಎರಡು, ಮೇಲೊಂದು ಕೆಳಗೊಂದು. ನಡುವೆ ಒಂದೇ ಇದ್ದರೆ ಉದ್ದ ಬಾಗಿಲಿನ ಮೂಲೆಗಳು ಮಣಿಯುತ್ತವೆ. ಹಿಂಜು ಹೊರಗಿದ್ದರೂ ಅಡ್ಡಿಯಿಲ್ಲ, ಆದರೆ ಹಿಂಜಿನ ಬದಿಯಲ್ಲಿ ಬಾಗಿಲಿಗೆ ಮೂರು ಗಟ್ಟಿ ಕಡ್ಡಿ ಬೆಸೆದಿರಬೇಕು, ಅವು ಚೌಕಟ್ಟಿನ ತೂತಿಗೆ ಇಳಿಯುವಂತೆ. ಆಗ ಹಿಂಜು ಕೊಯ್ದರೂ ಬಾಗಿಲು ಅಲ್ಲೇ ನಿಲ್ಲುತ್ತದೆ. ಗ್ರೈಂಡರಿಗೆ ಇದೂ ಸೋಲುತ್ತದೆ, ಸುಳ್ಳು ಹೇಳಬಾರದು. ಆದರೆ ಗ್ರೈಂಡರಿನ ಸದ್ದು ಮೂರು ಮನೆಯಾಚೆ ಕೇಳುತ್ತದೆ. ಹೊಲದ ನಡುವಿನ ಒಂಟಿ ಮನೆಗೆ ಈ ಸಮಾಧಾನವೂ ಇಲ್ಲ. ಯಾರೂ ಇಲ್ಲದಾಗ ಬಂದೂಕನ್ನು ಅಲ್ಲಿ ಬಿಟ್ಟುಹೋಗದಿರುವುದೊಂದೇ ದಾರಿ.

ತಳಪಾಯದ ಮಾತಿಗೆ ಬಂದರೆ ನಮ್ಮ ಮನೆಗಳೇ ಬೇರೆ. 75 ಕೆ.ಜಿ. ಪೆಟ್ಟಿಗೆಯನ್ನು ಇಬ್ಬರು ಎತ್ತಿಕೊಂಡು ಹೋಗಿ ನಿಧಾನವಾಗಿ ಒಡೆಯಬಹುದು, ಹಾಗಾಗಿ ಬೋಲ್ಟು ಹೊಡೆಯಲೇಬೇಕು. ಕಾಂಕ್ರೀಟ್ ಸ್ಲ್ಯಾಬಿಗೆ ಎಂ10 ಅಥವಾ ಎಂ12 (10 ಅಥವಾ 12 ಮಿ.ಮೀ. ದಪ್ಪದ, ತೂತಿನೊಳಗೆ ಹಿಗ್ಗಿ ಕಚ್ಚುವ) ಆ್ಯಂಕರ್ ಬೋಲ್ಟು ನಾಲ್ಕು, 75ರಿಂದ 100 ಮಿ.ಮೀ. ಆಳಕ್ಕೆ ಸಾಕು. ತೊಡಕು ಬರುವುದು ಬಾಗಲಕೋಟೆ, ಗುಳೇದಗುಡ್ಡ ಕಡೆಯ ಹಳೆ ಮನೆಗಳಲ್ಲಿ: ನೆಲಕ್ಕೆ ಕಲ್ಲಿನ ಪರಸಿ, ಅದರ ಕೆಳಗೆ ಬರೀ ಮಣ್ಣು. ಪರಸಿಗೆ ಹೊಡೆದ ಬೋಲ್ಟು ಹಿಗ್ಗುವಾಗ ಕಲ್ಲನ್ನೇ ಸೀಳುತ್ತದೆ, ಸೀಳದಿದ್ದರೆ ಕಲ್ಲಿನ ಸಮೇತ ಮೇಲೆ ಬರುತ್ತದೆ. ಮಣ್ಣಿನ ಗಾರೆಯ ಕಲ್ಲುಗೋಡೆಯೂ ಅಷ್ಟೇ, ಎರಡು ಕಲ್ಲಿನ ಸಂದಿಗೆ ಬಿದ್ದ ಬೋಲ್ಟು ಹಲ್ಲಿನಂತೆ ಅಲುಗುತ್ತದೆ. ಅಲ್ಲಿ ಪರಸಿ ಎಬ್ಬಿಸಿ, 60×60 ಸೆಂ.ಮೀ. ಗುಂಡಿ ಒಂದು ಅಡಿ ಆಳಕ್ಕೆ ತೋಡಿ, ನಾಲ್ಕು 12 ಮಿ.ಮೀ. ಜೆ-ಬೋಲ್ಟು (ಬುಡ ಕೊಕ್ಕೆಯಂತೆ ಬಾಗಿದ್ದು) ನಿಲ್ಲಿಸಿ ಕಾಂಕ್ರೀಟು ತುಂಬಬೇಕು; ಏಳು ದಿನ ನೀರುಣಿಸಿದ ಮೇಲೆ ಪೆಟ್ಟಿಗೆ ಕೂರಿಸಿ ಒಳಗಿನಿಂದ ನಟ್ಟು ಬಿಗಿಯುವುದು. ಗೋಡೆಯ ಮೂಲೆಗೆ ಒತ್ತಿ ಕೂರಿಸಿದರೆ ಹಾರೆ ಬೀಸಲು ಜಾಗ ಇರುವುದಿಲ್ಲ. ಬಳಸದ ತೂತುಗಳನ್ನು ತೆರೆದು ಬಿಡಬೇಡಿ, ಅವುಗಳ ಮೂಲಕ ತಂತಿ ತೂರಿಸಿ ಒಳಗಿನ ರೀಸೆಟ್ ಗುಂಡಿ ಮುಟ್ಟಬಹುದಾದ ಪೆಟ್ಟಿಗೆಗಳಿವೆ.

ಬೆಂಕಿ ತಡೆಯುವ ತಿಜೋರಿ ಎಂದರೆ ಸಾಮಾನ್ಯವಾಗಿ ಒಳಗೆ ಜಿಪ್ಸಮ್ ಹಲಗೆ. ಜಿಪ್ಸಮ್ಮಿನ ತೂಕದ ಐದನೇ ಒಂದರಷ್ಟು ನೀರೇ, ಬೆಂಕಿಗೆ ಅದು ಆವಿಯಾಗಿ ಒಳಗನ್ನು ತಂಪಿಡುತ್ತದೆ. ಉಳಿದ ದಿನಗಳಲ್ಲಿ ಅದೇ ಹಲಗೆ ತೇವ ಹೀರಿ ನಳಿಗೆಗೆ ತುಕ್ಕು ಹಿಡಿಸುತ್ತದೆ. ಕಣಕುಂಬಿ, ಖಾನಾಪುರದ ಮಳೆಗಾಲದಲ್ಲಿ ಇದು ದೊಡ್ಡ ಸಮಸ್ಯೆ: ಅರ್ಧ ಕೆ.ಜಿ. ಸಿಲಿಕಾ ಜೆಲ್ ಒಳಗಿಟ್ಟು, ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಇಡಬೇಕು, ಬಂದೂಕನ್ನು ಚರ್ಮದ ಚೀಲದಲ್ಲಿ ಇಡಲೇಬಾರದು. ವಿಜಯಪುರದ ಬಿಸಿಲಿಗೆ ತುಕ್ಕಿನ ಭಯ ಕಡಿಮೆ, ಸೆಲ್ಲು ಸೋರುವ ಭಯ ಹೆಚ್ಚು. ಸೋರಿದ ಸೆಲ್ಲು ಕೀಪ್ಯಾಡಿನ ಸಂಪರ್ಕ ಪಟ್ಟಿಯನ್ನು ತಿಂದುಹಾಕುತ್ತದೆ.

ಇದನ್ನೆಲ್ಲ ನೋಡಿಕೊಳ್ಳಲು ಸರಕಾರವೇ ಒಂದು ಬಿಡುವು ಕೊಡುತ್ತದೆ. ಚುನಾವಣೆ ಘೋಷಣೆಯಾದಾಗ ಲೈಸನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸಲು ಆದೇಶ ಬರುತ್ತದೆ, ಪೆಟ್ಟಿಗೆ ವಾರಗಟ್ಟಲೆ ಖಾಲಿ ಇರುತ್ತದೆ. ಆಗ ನಟ್ಟುಗಳನ್ನು ಸ್ಪ್ಯಾನರ್ ಹಾಕಿ ಬಿಗಿದು ನೋಡಿ, ನಾಲ್ಕೂ ಸೆಲ್ಲು ಒಟ್ಟಿಗೆ ಬದಲಿಸಿ, ಬಳಕೆಯದು, ಮಾಸ್ಟರಿನದು ಎರಡೂ ಕೋಡು ಹೊಸದು ಹಾಕಿ, ತುರ್ತು ಚಾವಿ ತಿರುಗುತ್ತದೆಯೇ ಎಂದು ಬಾಗಿಲು ತೆರೆದಿಟ್ಟುಕೊಂಡೇ ಪರೀಕ್ಷಿಸಿ. ಬಾಗಿಲು ಹಾಕಿ ಪರೀಕ್ಷಿಸಿದವರು ಗ್ರೈಂಡರಿನವನನ್ನು ಮನೆಗೆ ಕರೆಸಬೇಕಾದೀತು.